ಪಹಣಿ ತಪ್ಪಾದರೆ ಹೊಲ ಕಳೆದಂತಲ್ಲ

ಪರೀಕ್ಷೆಗೆ ಇನ್ನು ಎಂಟೇ ದಿನ. ಮನೆಯ ಕಂಪ್ಯೂಟರ್ ನಿಧಾನವೆಂದು ಬೇಸತ್ತ ವಿದ್ಯಾರ್ಥಿ, ಗೆಳೆಯ ಹೇಳಿಕೊಟ್ಟಂತೆ 'ರೆಜ್‌ಎಡಿಟ್' ತೆರೆದು ಒಂದೆರಡು ಸಾಲು ಅಳಿಸುತ್ತಾನೆ. ಮರುದಿನ ಗುಂಡಿ ಒತ್ತಿದರೆ ವಿಂಡೋಸ್ ತೆರೆಯುವುದೇ ಇಲ್ಲ. ಅವನ ಪ್ರಾಜೆಕ್ಟ್ ವರದಿ, ತಂದೆಯ ಲೆಕ್ಕಪತ್ರ, ಮನೆಮಂದಿಯ ಫೋಟೋಗಳು ಎಲ್ಲವೂ ಅದರೊಳಗೇ ಇವೆ. "ಫಾರ್ಮ್ಯಾಟ್ ಮಾಡಿಬಿಡೋಣ" ಎನ್ನುತ್ತಾರೆ ರಿಪೇರಿಯವರು. ಹಾಗೆ ಮಾಡಿದರೆ ಇವೆಲ್ಲ ಅಳಿಸಿಹೋಗುತ್ತವೆ. ಅಷ್ಟು ಅವಸರ ಬೇಕೆ?

ಏನಿದು ರಿಜಿಸ್ಟ್ರಿ?

ಆ ವಿದ್ಯಾರ್ಥಿ ಕೈಯಾಡಿಸಿದ್ದು ರಿಜಿಸ್ಟ್ರಿಯಲ್ಲಿ. ವಿಂಡೋಸ್ ಮತ್ತು ಅದರೊಳಗಿನ ತಂತ್ರಾಂಶಗಳ ಹೊಂದಾಣಿಕೆಗಳನ್ನು ಬರೆದಿಡುವ ದಾಖಲೆ ಪುಸ್ತಕ ಅದು. ಹಿಂದೆ ಈ ವಿವರಗಳು ಬಿಡಿ ಬಿಡಿ ಕಡತಗಳಲ್ಲಿ ಚದುರಿದ್ದವು. 1995ರಲ್ಲಿ ಬಂದ ವಿಂಡೋಸ್ 95 ಹೆಚ್ಚಿನವನ್ನು ಒಂದೆಡೆಗೆ ತಂದಿತು. ಯಂತ್ರ ಶುರುವಾಗುವಾಗ ಯಾವ ಡ್ರೈವರ್ ಕೆಲಸಕ್ಕಿಳಿಯಬೇಕು, ಯಾವ ಕಡತವನ್ನು ಯಾವ ತಂತ್ರಾಂಶ ತೆರೆಯಬೇಕು ಎಂಬುದೆಲ್ಲ ಇಲ್ಲಿರುತ್ತದೆ.

ಪಹಣಿಯಲ್ಲಿ ತಪ್ಪು ಬಿದ್ದರೆ ಹೊಲ ಎಲ್ಲಿಗೂ ಓಡಿಹೋಗುವುದಿಲ್ಲ. ಸಾಲ, ಕ್ರಯದ ವ್ಯವಹಾರ ಮಾತ್ರ ನಿಲ್ಲುತ್ತದೆ. ಇದೂ ಹಾಗೆಯೇ. ನಮ್ಮ ವರದಿ, ಫೋಟೋಗಳು ರಿಜಿಸ್ಟ್ರಿಯಲ್ಲಿ ಇರುವುದಿಲ್ಲ. ಅದು ಕೆಟ್ಟರೂ ಅವು ಡಿಸ್ಕ್‌ನಲ್ಲಿ ತಮ್ಮ ಜಾಗದಲ್ಲೇ ಇರುತ್ತವೆ.

ರೆಜ್‌ಎಡಿಟ್‌ನಲ್ಲಿ 'ಸೇವ್' ಇಲ್ಲ, 'ಅನ್‌ಡೂ' ಕೂಡ ಇಲ್ಲ. ತಿದ್ದಿದ್ದು ಆ ಕ್ಷಣವೇ ದಾಖಲಾಗುತ್ತದೆ. ಪರಿಣಾಮ ಕಾಣುವುದು ಎಷ್ಟೋ ಸಲ ಯಂತ್ರವನ್ನು ಮತ್ತೆ ಶುರುಮಾಡಿದಾಗ.

ದುರಸ್ತಿ ಹೇಗೆ?

ವಿಂಡೋಸ್ 10 ಮತ್ತು 11 ಸತತವಾಗಿ ಎರಡು ಬಾರಿ ತೆರೆಯದಿದ್ದರೆ ಸಾಮಾನ್ಯವಾಗಿ ದುರಸ್ತಿ ಪರದೆ ತಾನಾಗಿಯೇ ಬರುತ್ತದೆ. ಅಲ್ಲಿ 'ಟ್ರಬಲ್‌ಶೂಟ್', 'ಅಡ್ವಾನ್ಸ್‌ಡ್ ಆಪ್ಷನ್ಸ್' ಮೂಲಕ 'ಸಿಸ್ಟಂ ರಿಸ್ಟೋರ್'ಗೆ ಹೋಗಿ, ತಿದ್ದುವ ಮೊದಲಿನ ದಿನಾಂಕವನ್ನು ಆರಿಸಬೇಕು. 2000ದ ವಿಂಡೋಸ್ ಮಿ ಆವೃತ್ತಿಯೊಂದಿಗೆ ಬಂದ ಈ ಸೌಲಭ್ಯ ರಿಜಿಸ್ಟ್ರಿಯನ್ನು ಹಿಂದಿನ ಸ್ಥಿತಿಗೆ ತರುತ್ತದೆ, ನಮ್ಮ ಬರಹಗಳನ್ನು ಮುಟ್ಟುವುದಿಲ್ಲ. ಆ ದಿನಾಂಕದ ನಂತರ ಹಾಕಿಕೊಂಡ ತಂತ್ರಾಂಶಗಳನ್ನು ಮಾತ್ರ ಮತ್ತೆ ಹಾಕಿಕೊಳ್ಳಬೇಕಾಗುತ್ತದೆ.

ಹಿಂದಿನ ದಿನಾಂಕವೇ ಸಿಗದಿದ್ದರೆ? ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಜೋಡಿಸಿ ಕಡತಗಳನ್ನು ನಕಲು ಮಾಡಿಸಬೇಕು. ಬಿಟ್‌ಲಾಕರ್ ಬೀಗವಿದ್ದರೆ ಅದರ 48 ಅಂಕಿಗಳ ಕೀಲಿ ಬೇಕು. ನಕಲಾದ ಮೇಲೆ 'ರಿಸೆಟ್ ದಿಸ್ ಪಿಸಿ'ಯಲ್ಲಿ 'ಕೀಪ್ ಮೈ ಫೈಲ್ಸ್' ಆರಿಸಬಹುದು. ಫಾರ್ಮ್ಯಾಟ್ ಕಟ್ಟಕಡೆಯ ಮಾತು.

ಮುನ್ನೆಚ್ಚರಿಕೆ

ತಿದ್ದಲೇಬೇಕಾದರೆ ಮೊದಲು 'ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್' ಎಂದು ಹುಡುಕಿ, 'ಸಿಸ್ಟಂ ಪ್ರೊಟೆಕ್ಷನ್' ಚಾಲೂ ಇದೆಯೇ ನೋಡಿ, ಒಂದು ರಿಸ್ಟೋರ್ ಪಾಯಿಂಟ್ ಮಾಡಿಡಬೇಕು. ಬಳಿಕ ರೆಜ್‌ಎಡಿಟ್‌ನಲ್ಲಿ ಮುಟ್ಟಲಿರುವ ಭಾಗವನ್ನು 'ಎಕ್ಸ್‌ಪೋರ್ಟ್' ಮಾಡಬೇಕು. ವಿಂಡೋಸ್ ತೆರೆಯುತ್ತಿದ್ದರೆ ಆ ಕಡತದ ಮೇಲೆ ಎರಡು ಬಾರಿ ಕ್ಲಿಕ್ಕಿಸಿ ಹಳೆಯ ಮೌಲ್ಯಗಳನ್ನು ಮರಳಿ ತರಬಹುದು. ಆದರೆ ಹೊಸದಾಗಿ ಸೇರಿಸಿದ ಸಾಲುಗಳು ಇದರಿಂದ ಹೋಗುವುದಿಲ್ಲ. ಅವನ್ನು ಕೈಯಾರೆ ಅಳಿಸಬೇಕು. ರಿಜಿಸ್ಟ್ರಿ ತೊಳೆದು ವೇಗ ಹೆಚ್ಚಿಸುತ್ತೇವೆನ್ನುವ 'ಕ್ಲೀನರ್'ಗಳ ಬಳಕೆಯನ್ನು ಸ್ವತಃ ಮೈಕ್ರೋಸಾಫ್ಟ್ ಬೆಂಬಲಿಸುವುದಿಲ್ಲ.

ಪ್ರಯೋಗಾಲಯದ ಶಿಸ್ತು ಇಲ್ಲಿಯೂ ಸಲ್ಲುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಹಳೆಯದನ್ನು ಮೊದಲೇ ಬರೆದುಕೊಳ್ಳಬೇಕು. ತಂದೆತಾಯಂದಿರಿಗೂ ಒಂದು ಮಾತು. ಏನು ತಿದ್ದಿದೆ, ಯಾವಾಗ ತಿದ್ದಿದೆ ಎಂಬುದೇ ದುರಸ್ತಿಗೆ ಮೊದಲ ಸುಳಿವು. ಬೈಗುಳಕ್ಕೆ ಹೆದರಿದ ಮಗು ಅದನ್ನೇ ಮುಚ್ಚಿಡುತ್ತದೆ. ಗದರುವ ಮೊದಲು ಸಮಾಧಾನದಿಂದ ಕೇಳಿದರೆ ಅರ್ಧ ರಿಪೇರಿ ಮನೆಯಲ್ಲೇ ಆದಂತೆ.