ಕಾರಿಗೆ ಟಚ್ ಸ್ಕ್ರೀನ್ ಹಾಕಿಸ್ತಿದೀರಾ? ಎಷ್ಟು ಇಂಚು ಅನ್ನೋ ಮೊದಲು ಕಪ್ಲರ್ ಇದೆಯಾ ಅಂತ ಕೇಳಿ

ಶಿವಮೊಗ್ಗ: ಆಯುಧ ಪೂಜೆ, ದೀಪಾವಳಿ ಹತ್ತಿರ ಬಂತು ಅಂದ್ರೆ ಕಾರ್ ಅಕ್ಸೆಸರೀಸ್ ಅಂಗಡಿಗಳಿಗೆ ಬಿಡುವಿರಲ್ಲ. ಸೀಟ್ ಕವರ್, ಮ್ಯಾಟ್ ಜೊತೆಗೆ ಈಗ ಹೆಚ್ಚು ಜನ ಕೇಳೋದು ಟಚ್ ಸ್ಕ್ರೀನ್ ಸ್ಟೀರಿಯೋ. ಅದರಲ್ಲೂ ಸೆಕೆಂಡ್ ಹ್ಯಾಂಡ್ ಕಾರು ತಗೊಂಡವರು, ಬಾಡಿಗೆಗೆ ಓಡಿಸುವ ಚಾಲಕರು ಮೊದಲು ಹಾಕಿಸೋದೇ ಇದನ್ನ. ಮ್ಯಾಪ್ ನೋಡಬಹುದು, ಫೋನ್ ಕೈಗೆತ್ತಿಕೊಳ್ಳದೆ ಮಾತಾಡಬಹುದು, ರಿವರ್ಸ್ ಕ್ಯಾಮೆರಾನೂ ಸೇರಿಸಬಹುದು.

ಐದಾರು ಸಾವಿರ ರೂಪಾಯಿಯಿಂದ ಹಿಡಿದು ಮೂವತ್ತು ಸಾವಿರ ದಾಟುವ ಸ್ಟೀರಿಯೋಗಳೂ ಮಾರ್ಕೆಟ್‌ನಲ್ಲಿವೆ. ಅಂಗಡಿಗೆ ಹೋದವರು ಸಾಮಾನ್ಯವಾಗಿ ಕೇಳೋ ಪ್ರಶ್ನೆ ಎರಡೇ. ಎಷ್ಟು ಇಂಚು? ಎಷ್ಟಕ್ಕೆ ಬಿಡ್ತೀರಾ? ಆದರೆ ಮುಂದೆ ಬ್ಯಾಟರಿ ಇಳಿಯೋದು, ಫ್ಯೂಸ್ ಹೋಗೋದು, ವೈರ್ ಬಿಸಿಯಾಗಿ ಸುಟ್ಟ ವಾಸನೆ ಬರೋದು ಇವೆಲ್ಲ ಸ್ಕ್ರೀನ್ ಚಿಕ್ಕದು ದೊಡ್ಡದು ಅನ್ನೋದರ ಮೇಲೆ ನಿಂತಿಲ್ಲ. ಸ್ಕ್ರೀನ್ ಹಿಂದೆ ವೈರ್ ಹೇಗೆ ಸೇರಿಸಿದ್ದಾರೆ ಅನ್ನೋದರ ಮೇಲೆ ನಿಂತಿದೆ. ದುಡ್ಡು ಕೊಡೋ ಮೊದಲು ತಿಳಿದುಕೊಳ್ಳಬೇಕಾದ ವಿಷಯಗಳು ಇಲ್ಲಿವೆ.

ನಿಮ್ಮ ಕಾರಿಗೆ ಯಾವ ಸೈಜ್ ಕೂರುತ್ತೆ?

ಕಾರ್ ಸ್ಟೀರಿಯೋ ಕೂರುವ ಜಾಗಕ್ಕೆ ‘ಡಿನ್’ ಅನ್ನೋ ಅಳತೆ ಇದೆ. ಇದು ಜರ್ಮನಿಯಿಂದ ಬಂದ ಅಳತೆ. ಸಿಂಗಲ್ ಡಿನ್ ಅಂದ್ರೆ ಸುಮಾರು 18 ಸೆಂ.ಮೀ ಅಗಲ, 5 ಸೆಂ.ಮೀ ಎತ್ತರ. ಹಳೇ ಮಾರುತಿ 800 ತರದ ಕಾರುಗಳಲ್ಲಿ ಇರೋದು ಇದೇ. ಡಬಲ್ ಡಿನ್ ಅಂದ್ರೆ ಅಗಲ ಅಷ್ಟೇ, ಎತ್ತರ ಸುಮಾರು 10 ಸೆಂ.ಮೀ. 7 ಇಂಚಿನ ಸ್ಕ್ರೀನ್ ಸಾಮಾನ್ಯವಾಗಿ ಇದರಲ್ಲಿ ಕೂರುತ್ತೆ.

9 ಇಂಚು, 10 ಇಂಚಿನದು ಬೇಕು ಅಂದ್ರೆ ಆಯಾ ಕಾರಿನ ಮಾಡೆಲ್‌ಗೇ ಮಾಡಿದ ಪ್ಲಾಸ್ಟಿಕ್ ಫ್ರೇಮ್ ಬೇಕು. ಇಲ್ಲಿ ಕಾರಿನ ಹೆಸರು ಹೇಳಿದ್ರೆ ಸಾಲದು, ಯಾವ ವರ್ಷದ್ದು, ಯಾವ ವೇರಿಯಂಟ್ ಅಂತಾನೂ ಹೇಳಬೇಕು. ಒಂದೇ ಹೆಸರಿನ ಕಾರಿಗೆ ವರ್ಷ ಬದಲಾದ ಹಾಗೆ ಡ್ಯಾಶ್‌ಬೋರ್ಡ್ ಬದಲಾಗಿರುತ್ತೆ. ಫ್ರೇಮ್ ಸರಿಯಿಲ್ಲ ಅಂತ ಡ್ಯಾಶ್‌ಬೋರ್ಡ್ ಅನ್ನೇ ಬ್ಲೇಡ್ ಹಾಕಿ ಕೊಯ್ಯೋಕೆ ಹೊರಟರೆ ಅಲ್ಲೇ ಬೇಡ ಅಂದುಬಿಡಿ. ಕೊಯ್ದ ಡ್ಯಾಶ್‌ಬೋರ್ಡ್ ಮತ್ತೆ ಕೂಡಲ್ಲ, ಕಾರು ಮಾರುವಾಗ ಅಲ್ಲಿಗೇ ಬೆಲೆ ಇಳಿಯುತ್ತೆ.

ಇನ್ನೊಂದು ವಿಷಯ. ಸ್ಕ್ರೀನ್ ದೊಡ್ಡದಾದ್ರೆ ಕೆಲವು ಕಾರುಗಳಲ್ಲಿ ಎಸಿ ಗಾಳಿ ಬರುವ ಜಾಗ, ಹಜಾರ್ಡ್ ಲೈಟ್ ಸ್ವಿಚ್ ಮರೆಯಾಗುತ್ತೆ. ಮಳೆಗಾಲದಲ್ಲಿ ಘಾಟಿ ರಸ್ತೆಯಲ್ಲಿ ಗಾಡಿ ಕೆಟ್ಟು ನಿಂತಾಗ ಆ ಸ್ವಿಚ್ ಕೈಗೆ ಸಿಗಲೇಬೇಕು.

‘ಆಂಡ್ರಾಯ್ಡ್’ ಬೇರೆ, ‘ಆಂಡ್ರಾಯ್ಡ್ ಆಟೋ’ ಬೇರೆ

ಇಲ್ಲಿ ತುಂಬಾ ಜನ ಗೊಂದಲಕ್ಕೆ ಬೀಳ್ತಾರೆ. ಆಂಡ್ರಾಯ್ಡ್ ಸ್ಟೀರಿಯೋ ಅಂದ್ರೆ ಅದೇ ಒಂದು ಟ್ಯಾಬ್ ಇದ್ದ ಹಾಗೆ. ಅದಕ್ಕೆ ಅದರದೇ ರ‍್ಯಾಮ್, ಸ್ಟೋರೇಜ್ ಇರುತ್ತೆ, ಆ್ಯಪ್ ಹಾಕಿಕೊಳ್ಳಬಹುದು. ಇಂಟರ್ನೆಟ್ ಬೇಕಾದಾಗ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಬೇಕು, ಇಲ್ಲಾಂದ್ರೆ ಸಿಮ್ ಹಾಕುವ ಮಾಡೆಲ್ ತಗೋಬೇಕು.

ಆಂಡ್ರಾಯ್ಡ್ ಆಟೋ, ಆ್ಯಪಲ್ ಕಾರ್‌ಪ್ಲೇ ಹಾಗಲ್ಲ. ಕೆಲಸ ಮಾಡೋದು ನಿಮ್ಮ ಫೋನೇ, ಸ್ಕ್ರೀನ್ ಬರೀ ತೋರಿಸುತ್ತೆ. ಮ್ಯಾಪ್, ಕಾಲ್, ಹಾಡು ಇಷ್ಟಕ್ಕೆ ಇದು ಸಾಕು. ಸೋನಿ, ಪಯೋನಿಯರ್, ಕೆನ್‌ವುಡ್‌ನಂಥ ಕಂಪನಿಗಳ ಸ್ಟೀರಿಯೋಗಳಲ್ಲಿ ಹೆಚ್ಚಾಗಿ ಇರೋದು ಇದು. ಸ್ಟೀರಿಯೋ ಹಳೇದಾದ್ರೂ ಫೋನ್ ಹೊಸದಾದ ಹಾಗೆ ಮ್ಯಾಪ್ ಹೊಸದಾಗ್ತಾ ಹೋಗುತ್ತೆ ಅನ್ನೋದು ಇದರ ಲಾಭ.

ಆಂಡ್ರಾಯ್ಡ್ ಸ್ಟೀರಿಯೋನೇ ಬೇಕು ಅನ್ನೋರು ಕಡಿಮೆ ರ‍್ಯಾಮ್‌ನದು ತಗೊಂಡ್ರೆ ಆಮೇಲೆ ಬೈಕೋಬೇಕಾಗುತ್ತೆ. 1 ಜಿಬಿ ರ‍್ಯಾಮ್‌ನಲ್ಲಿ ಮ್ಯಾಪ್ ಮತ್ತು ಹಾಡು ಒಟ್ಟಿಗೆ ಓಡಿಸಿದ್ರೆ ತಡವರಿಸುತ್ತೆ. ಕಡಿಮೆ ಬೆಲೆಯ ಕೆಲವು ಮಾಲಿನಲ್ಲಿ ಬಾಕ್ಸ್ ಮೇಲೆ ಬರೆದಿರೋ ರ‍್ಯಾಮ್‌ಗೂ ಒಳಗೆ ಇರೋದಕ್ಕೂ ತಾಳೆ ಆಗಲ್ಲ. ಬಾಕ್ಸ್ ಓದಿ ನಂಬೋ ಬದಲು ಅಂಗಡಿಯಲ್ಲೇ ಆನ್ ಮಾಡಿಸಿ, ಮ್ಯಾಪ್ ತೆಗೆದು, ಬೆರಳಲ್ಲಿ ಎಳೆದು ನೋಡಿ. ಮಧ್ಯಾಹ್ನದ ಬಿಸಿಲಲ್ಲಿ ಹೊರಗೆ ಹಿಡಿದು ಓರೆಯಾಗಿ ನೋಡಿದ್ರೂ ಅಕ್ಷರ ಕಾಣುತ್ತಾ ಅಂತ ನೋಡಿ.

ಆಗುಂಬೆ, ಹೊಸನಗರ ಕಡೆ ಕಾಡು ರಸ್ತೆಯಲ್ಲಿ ಓಡಾಡೋರಿಗೆ ನೆಟ್‌ವರ್ಕ್ ಕೈಕೊಡೋದು ಗೊತ್ತಿರೋ ವಿಷಯವೇ. ಸ್ಕ್ರೀನ್ ಎಷ್ಟು ಬೆಲೆಯದಾದ್ರೂ ಅಲ್ಲಿ ನೆಟ್ ಬರಲ್ಲ. ಗೂಗಲ್ ಮ್ಯಾಪ್‌ನಲ್ಲಿ ಆ ಭಾಗವನ್ನ ಮೊದಲೇ ಆಫ್‌ಲೈನ್ ಡೌನ್‌ಲೋಡ್ ಮಾಡಿಟ್ಕೊಳ್ಳಿ.

ಕಪ್ಲರ್ ಅಂದ್ರೇನು? ಅದೇ ಯಾಕೆ ಮುಖ್ಯ?

ಕಾರಿನ ಕಂಪನಿ ವೈರ್‌ಗಳೆಲ್ಲ ಒಂದು ಪ್ಲಾಸ್ಟಿಕ್ ಸಾಕೆಟ್‌ಗೆ ಬಂದು ಸೇರುತ್ತವೆ. ಹೊಸ ಸ್ಟೀರಿಯೋದ ಸಾಕೆಟ್ ಬೇರೆ ತರ ಇರುತ್ತೆ. ಇವೆರಡರ ಮಧ್ಯೆ ಸಿಗಿಸೋ ಜೋಡಣೆ ವೈರ್‌ಗೆ ಅಂಗಡಿಯವರು ಕಪ್ಲರ್ ಅಂತಾರೆ. ಕಾರಿನ ಮಾಡೆಲ್‌ಗೆ ತಕ್ಕ ಕಪ್ಲರ್ ಇದ್ರೆ ಕಂಪನಿಯ ಒಂದು ವೈರನ್ನೂ ಕತ್ತರಿಸಬೇಕಾಗಿಲ್ಲ. ನಾಳೆ ಹಳೇ ಸ್ಟೀರಿಯೋನೇ ವಾಪಸ್ ಹಾಕಬೇಕು ಅಂದ್ರೂ ಕಿತ್ತು ಸಿಗಿಸಿದ್ರೆ ಆಯ್ತು.

ಕಪ್ಲರ್‌ಗೆ ಆಗೋ ಖರ್ಚು ಸ್ಟೀರಿಯೋ ಬೆಲೆಯ ಮುಂದೆ ತೀರಾ ಸಣ್ಣದು. ಆದರೂ ಅದನ್ನ ಉಳಿಸೋಕೆ, ಇಲ್ಲಾ ಕೈಲಿ ಸ್ಟಾಕ್ ಇಲ್ಲ ಅಂತ, ಕೆಲವರು ಕಂಪನಿ ಸಾಕೆಟ್ ಕತ್ತರಿಸಿ ವೈರ್‌ಗೆ ವೈರ್ ತಿರುಚಿ ಟೇಪ್ ಸುತ್ತುತ್ತಾರೆ. ಡ್ಯಾಶ್‌ಬೋರ್ಡ್ ಒಳಗಿನ ಬಿಸಿಗೆ ಟೇಪಿನ ಅಂಟು ಕರಗುತ್ತೆ. ಗುಂಡಿ ರಸ್ತೆಯ ಕುಲುಕಾಟಕ್ಕೆ ತಿರುಚಿದ ವೈರ್ ಸಡಿಲ ಆಗುತ್ತೆ. ಸಡಿಲವಾದ ಜಾಗದಲ್ಲಿ ಕಿಡಿ, ಬಿಸಿ, ಶಾರ್ಟ್. ಅನಾಹುತ ಶುರುವಾಗೋದು ಇಂಥ ಕಡೆಯೇ.

ಕಾರಿನ್ನೂ ವಾರಂಟಿಯಲ್ಲಿದ್ರೆ ಇನ್ನೂ ಹುಷಾರಾಗಿರಬೇಕು. ಕಂಪನಿ ವೈರಿಂಗ್ ಕತ್ತರಿಸಿದ್ದು ಕಂಡರೆ ಎಲೆಕ್ಟ್ರಿಕಲ್ ತೊಂದರೆಗೆ ವಾರಂಟಿ ಕೊಡಲ್ಲ ಅನ್ನೋಕೆ ಸರ್ವಿಸ್ ಸೆಂಟರ್‌ನವರಿಗೆ ಕಾರಣ ಸಿಕ್ಕಂಗೆ ಆಗುತ್ತೆ.

ಹಳದಿ, ಕೆಂಪು, ಕಪ್ಪು: ಮೂರು ವೈರ್ ಕಥೆ

ಸ್ಟೀರಿಯೋ ಜೊತೆ ಬರೋ ವೈರ್‌ಗಳ ಬಣ್ಣಕ್ಕೆ ಸಾಮಾನ್ಯವಾಗಿ ಒಂದು ಲೆಕ್ಕ ಇದೆ. ಹಳದಿ ವೈರ್‌ನಲ್ಲಿ ಬ್ಯಾಟರಿಯ 12 ವೋಲ್ಟ್ ಯಾವಾಗಲೂ ಇರುತ್ತೆ, ಗಡಿಯಾರ ಮತ್ತು ಸೆಟ್ಟಿಂಗ್ ನೆನಪಿಡೋಕೆ. ಕೆಂಪು ವೈರ್‌ಗೆ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರಬೇಕು. ಕಪ್ಪು ಅರ್ಥಿಂಗ್. ಬಿಳಿ, ಬೂದು, ಹಸಿರು, ನೇರಳೆ ಜೋಡಿಗಳು ನಾಲ್ಕು ಸ್ಪೀಕರ್‌ಗಳಿಗೆ.

ನೆನಪಿಡಿ, ಈ ಬಣ್ಣದ ಲೆಕ್ಕ ಸ್ಟೀರಿಯೋ ಕಡೆಯ ವೈರ್‌ಗೆ ಮಾತ್ರ. ಕಾರಿನ ಒಳಗಿನ ಕಂಪನಿ ವೈರ್‌ಗಳಿಗೆ ಒಂದೊಂದು ಕಂಪನಿಯದು ಒಂದೊಂದು ಬಣ್ಣ. ಹಳದಿಗೆ ಹಳದಿ, ಕೆಂಪಿಗೆ ಕೆಂಪು ಅಂತ ಸೇರಿಸಿದ್ರೆ ತಪ್ಪಾಗೋ ಸಾಧ್ಯತೆ ಇದ್ದೇ ಇದೆ. ಕಪ್ಲರ್ ಇಲ್ಲದಿದ್ದಾಗ ಮಲ್ಟಿಮೀಟರ್ ಇಟ್ಟು ಪರೀಕ್ಷಿಸಿಯೇ ಸೇರಿಸಬೇಕು.

ಹಳದಿ, ಕೆಂಪು ಎರಡನ್ನೂ ಒಂದೇ ಕಡೆ ಬ್ಯಾಟರಿ ಲೈನ್‌ಗೆ ಸೇರಿಸಿದ್ರೆ ಏನಾಗುತ್ತೆ? ಕೀ ತೆಗೆದ್ರೂ ಸ್ಟೀರಿಯೋಗೆ ಗೊತ್ತಾಗಲ್ಲ. ಕೈಯಲ್ಲಿ ಸ್ಕ್ರೀನ್ ಆಫ್ ಮಾಡಿದ್ರೂ ಒಳಗೆ ಓಡ್ತಾ ಇರಬಹುದು. ಲೆಕ್ಕ ಹಾಕಿ ನೋಡಿ. ಅದು ಅರ್ಧ ಆಂಪಿಯರ್ ಎಳೀತಾ ಇದ್ರೂ ದಿನಕ್ಕೆ 12 ಆಂಪಿಯರ್ ಅವರ್ ಖಾಲಿ. ಸಣ್ಣ ಪೆಟ್ರೋಲ್ ಕಾರುಗಳಲ್ಲಿ 35 ಆಂಪಿಯರ್ ಅವರ್ ಬ್ಯಾಟರಿ ಸಾಮಾನ್ಯ. ಮೂರು ದಿನ ಗಾಡಿ ನಿಲ್ಲಿಸಿ ಊರಿಗೆ ಹೋಗಿ ಬಂದ್ರೆ ಸೆಲ್ಫ್ ಹೊಡೆಯಲ್ಲ. ಬ್ಯಾಟರಿ ಹೋಯ್ತು ಅಂತ ಹೊಸ ಬ್ಯಾಟರಿ ಹಾಕಿಸ್ತೀರಿ. ಅದೂ ಇಳಿಯುತ್ತೆ. ಬಾಡಿಗೆ ಗಾಡಿಯವರಿಗೆ ಬ್ಯಾಟರಿ ದುಡ್ಡಿನ ಜೊತೆ ಆ ದಿನದ ಟ್ರಿಪ್ಪೂ ಹೋಗುತ್ತೆ.

ಎರಡು ವೈರ್ ಅದಲು ಬದಲಾಗಿದ್ರೆ ಇನ್ನೊಂದು ತರ. ಪ್ರತಿ ಸಲ ಗಾಡಿ ಆಫ್ ಮಾಡಿದಾಗ ಟೈಮ್, ರೇಡಿಯೋ ಸ್ಟೇಷನ್ ಎಲ್ಲ ಅಳಿಸಿಹೋಗುತ್ತೆ.

ಇನ್ನು ನೀಲಿ ವೈರ್. ಸ್ಟೀರಿಯೋ ಬದಲಾಯಿಸಿದ ಮೇಲೆ ಭದ್ರಾವತಿ ಆಕಾಶವಾಣಿ ಸರಿಯಾಗಿ ಹಿಡೀತಿಲ್ಲ, ಬರೀ ಗರಗರ ಅನ್ನುತ್ತೆ ಅನ್ನೋರು ಇದನ್ನ ಪರೀಕ್ಷಿಸಿ. ಅನೇಕ ಕಾರುಗಳ ಆ್ಯಂಟೆನಾಗೆ ಸಿಗ್ನಲ್ ಹೆಚ್ಚಿಸೋಕೆ ಕರೆಂಟ್ ಬೇಕು. ಅದು ಹೋಗೋದು ನೀಲಿ ವೈರ್‌ನಲ್ಲಿ. ಅದನ್ನ ಸೇರಿಸದೆ ಹಾಗೇ ಟೇಪ್ ಸುತ್ತಿ ಬಿಟ್ಟಿದ್ರೆ ರೇಡಿಯೋ ಹಿಡಿಯಲ್ಲ.

50 ವ್ಯಾಟ್ ಅಂದ್ರೆ ನಿಜವಾಗ್ಲೂ 50 ವ್ಯಾಟಾ?

ಬಾಕ್ಸ್ ಮೇಲೆ 50 ವ್ಯಾಟ್ x 4 ಅಂತ ದೊಡ್ಡದಾಗಿ ಬರೆದಿರುತ್ತೆ. ಅದು ಒಂದು ಕ್ಷಣಕ್ಕೆ ಮುಟ್ಟಬಹುದಾದ ಗರಿಷ್ಠ ಲೆಕ್ಕ. ನಿರಂತರವಾಗಿ ಕೊಡೋ ಪವರ್‌ಗೆ ಆರ್‌ಎಂಎಸ್ ಅಂತಾರೆ, ಅದು ಸಾಮಾನ್ಯವಾಗಿ ಒಂದು ಸ್ಪೀಕರ್‌ಗೆ 20 ವ್ಯಾಟ್ ಆಸುಪಾಸಿನಲ್ಲೇ ಇರುತ್ತೆ. ಸ್ಪೀಕರ್ ತಗೊಳ್ಳೋವಾಗಲೂ ಇದನ್ನೇ ಕೇಳಿ.

ಇನ್ನೂ ಸೌಂಡ್ ಬೇಕು ಅಂತ ಆ್ಯಂಪ್ಲಿಫೈಯರ್, ವೂಫರ್ ಹಾಕಿಸೋರು ಸ್ಟೀರಿಯೋ ವೈರ್‌ನಿಂದ ಕರೆಂಟ್ ತಗೊಳ್ಳೋಕೆ ಬಿಡಬೇಡಿ. ಅದಕ್ಕೆ ಬ್ಯಾಟರಿಯಿಂದ ನೇರವಾಗಿ ದಪ್ಪ ಕೇಬಲ್ ಬರಬೇಕು. ಬ್ಯಾಟರಿಯಿಂದ ಒಂದೂವರೆ ಅಡಿ ಒಳಗೇ ಆ ಕೇಬಲ್‌ಗೆ ಫ್ಯೂಸ್ ಇರಬೇಕು. ಮತ್ತೆ ಮತ್ತೆ ಫ್ಯೂಸ್ ಹೋಗ್ತಿದ್ರೆ ಎಲ್ಲೋ ತಪ್ಪಿದೆ ಅಂತ ಅರ್ಥ. 10 ಆಂಪಿಯರ್ ಫ್ಯೂಸ್ ಇದ್ದ ಜಾಗಕ್ಕೆ 20 ಹಾಕಿ ‘ಸರಿಹೋಯ್ತು’ ಅನ್ನೋರನ್ನ ನಂಬಬೇಡಿ. ಫ್ಯೂಸ್ ಉಳಿಯುತ್ತೆ, ವೈರ್ ಸುಡುತ್ತೆ.

ರಿವರ್ಸ್ ಕ್ಯಾಮೆರಾ ಹಾಕಿಸುವಾಗ

ಕ್ಯಾಮೆರಾಗೆ ಕರೆಂಟ್ ಹಿಂದಿನ ರಿವರ್ಸ್ ಲೈಟ್‌ನಿಂದ ಬರುತ್ತೆ. ರಿವರ್ಸ್ ಗೇರ್ ಹಾಕಿದ್ರೂ ಸ್ಕ್ರೀನ್ ತಾನಾಗೇ ಬದಲಾಗ್ತಿಲ್ಲ ಅಂದ್ರೆ, ಸ್ಟೀರಿಯೋಗೆ ರಿವರ್ಸ್ ಸಿಗ್ನಲ್ ಕೊಡೋ ವೈರ್ ಸೇರಿಸಿಲ್ಲ ಅಂತ ಅರ್ಥ.

ಮಲೆನಾಡಿನಲ್ಲಿ ಇನ್ನೊಂದು ಎಚ್ಚರ ಬೇಕು. ಕ್ಯಾಮೆರಾ ಕೂರಿಸೋಕೆ ಬಾಡಿಗೆ ತೂತು ಕೊರೆದ್ರೆ ಆ ಅಂಚಿಗೆ ಪೇಂಟ್ ಹಚ್ಚಿ ರಬ್ಬರ್ ಬುಷ್ ಹಾಕಿಸಿ. ಹಾಗೇ ಬಿಟ್ರೆ ಒಂದೆರಡು ಮಳೆಗಾಲದಲ್ಲಿ ಅಲ್ಲಿಂದಲೇ ತುಕ್ಕು ಶುರು. ರಬ್ಬರ್ ಇಲ್ಲದಿದ್ರೆ ಕಬ್ಬಿಣದ ಅಂಚು ವೈರನ್ನೂ ಕೊಯ್ಯುತ್ತೆ. ಸೈಡ್ ಕರ್ಟನ್ ಏರ್‌ಬ್ಯಾಗ್ ಇರೋ ಕಾರಾದ್ರೆ ಕ್ಯಾಮೆರಾ ವೈರ್, ಮೈಕ್ ವೈರ್ ಏರ್‌ಬ್ಯಾಗ್ ಬಿಚ್ಚಿಕೊಳ್ಳೋ ದಾರಿಗೆ ಅಡ್ಡ ಬರಬಾರದು. ಇದನ್ನ ಕೆಲಸ ಶುರು ಮಾಡೋ ಮೊದಲೇ ಹೇಳಿ.

ಓಡಿಸ್ತಾ ವಿಡಿಯೋ ಬೇಡ

ಹೆಚ್ಚಿನ ಸ್ಟೀರಿಯೋಗಳಲ್ಲಿ ಹ್ಯಾಂಡ್‌ಬ್ರೇಕ್‌ಗೆ ಸೇರಿಸೋ ಒಂದು ವೈರ್ ಇರುತ್ತೆ. ಗಾಡಿ ನಿಂತಾಗ ಮಾತ್ರ ವಿಡಿಯೋ ಬರಲಿ ಅಂತ ಮಾಡಿರೋದು ಅದು. ಗಿರಾಕಿ ಕೇಳಿದ್ರು ಅಂತ ಇದನ್ನ ಬಾಡಿಗೆ ಅರ್ಥ್ ಮಾಡಿ, ಯಾವಾಗಲೂ ವಿಡಿಯೋ ಓಡೋ ಹಾಗೆ ಮಾಡಿಕೊಡೋದುಂಟು. ಗಂಟೆಗೆ 60 ಕಿ.ಮೀ ವೇಗದಲ್ಲಿರೋ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತೆ. ಎರಡು ಸೆಕೆಂಡ್ ಸ್ಕ್ರೀನ್ ನೋಡಿದ್ರೆ 33 ಮೀಟರ್ ಕಣ್ಣು ಮುಚ್ಚಿ ಓಡಿಸಿದ ಹಾಗೆ. ಶಾಲೆ ಮುಂದೆ, ದನ ಅಡ್ಡ ಬರೋ ರಸ್ತೆಯಲ್ಲಿ ಅಷ್ಟು ದೂರ ಸಣ್ಣದಲ್ಲ. ಆ ವೈರ್ ಸರಿಯಾದ ಜಾಗಕ್ಕೇ ಸೇರಿಸಿ ಅಂತ ಹೇಳಿ.

ದುಡ್ಡು ಕೊಡೋ ಮೊದಲು ಇಷ್ಟು ನೋಡಿ

* ಕೆಲಸ ಶುರು ಮಾಡೋ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆದ್ರಾ? ಕೆಲವು ಕಾರುಗಳಲ್ಲಿ ಹೀಗೆ ತೆಗೆದ ಮೇಲೆ ಕಂಪನಿ ಸ್ಟೀರಿಯೋ ಕೋಡ್ ಕೇಳುತ್ತೆ. ಹಳೇದನ್ನ ಮತ್ತೆ ಹಾಕೋ ಯೋಚನೆ ಇದ್ರೆ ಆ ಕೋಡ್ ಮೊದಲೇ ಬರೆದಿಟ್ಕೊಳ್ಳಿ.
* ಫ್ರೇಮ್ ಮುಚ್ಚೋ ಮೊದಲು ಹಿಂದಿನ ವೈರಿಂಗ್ ತೋರಿಸಿ ಅಂತ ಕೇಳಿ, ಫೋನ್‌ನಲ್ಲಿ ಫೋಟೋ ತೆಗೆದಿಟ್ಕೊಳ್ಳಿ.
* ಕೀ ತೆಗೆದಾಗ ಸ್ಕ್ರೀನ್ ತಾನಾಗೇ ಆಫ್ ಆಗುತ್ತಾ? ಮತ್ತೆ ಹಾಕಿದಾಗ ಸೆಟ್ಟಿಂಗ್ ಹಾಗೇ ಇದೆಯಾ?
* ನಾಲ್ಕೂ ಸ್ಪೀಕರ್ ಬೇರೆ ಬೇರೆಯಾಗಿ ಕೇಳಿ. ಹಾರ್ನ್, ಹಜಾರ್ಡ್, ಎಸಿ, ಸ್ಟೀರಿಂಗ್ ಮೇಲಿನ ಬಟನ್ ಕೆಲಸ ಮಾಡ್ತಿವೆಯಾ ನೋಡಿ.
* ಮೀಟರ್‌ನಲ್ಲಿ ಏರ್‌ಬ್ಯಾಗ್ ಲೈಟ್ ಉರೀತಾ ಉಳಿದಿದ್ರೆ ಅಲ್ಲಿಂದ ಹೊರಡಬೇಡಿ.
* ತೆಗೆದ ಹಳೇ ಸ್ಟೀರಿಯೋ ಮತ್ತು ಅದರ ಫ್ರೇಮ್ ಕೇಳಿ ತಗೊಳ್ಳಿ. ಅದು ನಿಮ್ಮದು.
* ಮಾಡೆಲ್ ನಂಬರ್, ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ತಗೊಳ್ಳಿ. ಫಿಟ್ಟಿಂಗ್ ಚಾರ್ಜ್ ಕೂಡ ಅದರಲ್ಲಿ ಬರೆಸಿ.

ಆನ್‌ಲೈನ್‌ನಲ್ಲಿ ಕಡಿಮೆಗೆ ಸಿಗುತ್ತೆ ಅಂತ ತರಿಸಿ, ಇಲ್ಲಿ ಫಿಟ್ಟಿಂಗ್ ಮಾತ್ರ ಮಾಡಿಸೋರು ಒಂದು ಲೆಕ್ಕ ಹಾಕಿ. ಕೆಟ್ಟಾಗ ಮಾರಿದವರು ಫಿಟ್ಟಿಂಗ್ ಸರಿಯಿಲ್ಲ ಅಂತಾರೆ, ಫಿಟ್ಟಿಂಗ್ ಮಾಡಿದವರು ಮಾಲೇ ಸರಿಯಿಲ್ಲ ಅಂತಾರೆ. ಮಧ್ಯೆ ಸಿಕ್ಕಿಕೊಳ್ಳೋದು ಗಿರಾಕಿ.

ಇನ್ಶೂರೆನ್ಸ್ ಕಂಪನಿಗೂ ತಿಳಿಸಿ. ಕಂಪನಿಯಿಂದ ಬಂದಿಲ್ಲದ ಎಲೆಕ್ಟ್ರಾನಿಕ್ ಸಾಮಾನನ್ನ ಪಾಲಿಸಿಯಲ್ಲಿ ಬೇರೆಯಾಗಿ ತೋರಿಸದಿದ್ರೆ, ಕಳ್ಳತನ ಅಥವಾ ಅಪಘಾತವಾದಾಗ ಅದರ ದುಡ್ಡು ಸಿಗೋದು ಕಷ್ಟ. ಅದಕ್ಕೂ ಆ ಬಿಲ್ಲೇ ಬೇಕು.

ಹಾಕಿಸಿದ ಮೇಲೆ ತೊಂದರೆ ಬಂದು, ಅಂಗಡಿಯವರೂ ಕೇಳಿಸಿಕೊಳ್ಳದಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲೂ ಬಗೆಹರಿಯದಿದ್ರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಕೊಟ್ಟ ದುಡ್ಡು 5 ಲಕ್ಷ ರೂಪಾಯಿ ಒಳಗಿದ್ರೆ ದೂರಿಗೆ ಶುಲ್ಕ ಇಲ್ಲ. ಆದರೆ ಅಲ್ಲಿ ಮೊದಲು ಕೇಳೋದು ಬಿಲ್. ನೂರಿನ್ನೂರು ಕಡಿಮೆ ಮಾಡ್ತೀವಿ, ಬಿಲ್ ಬೇಡ ಅಲ್ವಾ ಅಂದ್ರೆ ಬೇಕು ಅಂತಲೇ ಹೇಳಿ.