ಪಾಯಿಖಾನೆ ಗುಂಡಿಗೆ ಮೊದಲು ಮಣ್ಣಿನ ಪರೀಕ್ಷೆ

ಹಳ್ಳಿಯಲ್ಲಿ ಹೊಸ ಮನೆ ಕಟ್ಟುವವರು ಬಾವಿಗೆ ಜಾಗ ಗುರುತಿಸಲು ನೀರು ನೋಡುವವರನ್ನು ಕರೆಸುತ್ತಾರೆ. ಬಾಗಿಲಿಗೆ ದಿಕ್ಕು ಕೇಳುತ್ತಾರೆ. ಪಾಯಿಖಾನೆಯ ಗುಂಡಿಗೆ ಮಾತ್ರ ಹಿತ್ತಲಲ್ಲಿ ಉಳಿದ ಮೂಲೆಯೇ ಗತಿ. ಆ ಮೂಲೆಯ ಮಣ್ಣು ಎಂಥದು, ಮಳೆಗಾಲದಲ್ಲಿ ಅಲ್ಲಿ ನೀರು ಎಷ್ಟು ಮೇಲೆ ಬರುತ್ತದೆ ಎಂದು ವಿಚಾರಿಸುವವರು ಕಡಿಮೆ. ಆದರೆ ಬಾವಿಯ ನೀರು ಕುಡಿಯುವ ಮನೆಮಂದಿಯ ಆರೋಗ್ಯ ಈ ಎರಡು ಪ್ರಶ್ನೆಗಳನ್ನು ಅವಲಂಬಿಸಿದೆ.

ಶುದ್ಧಿ ಮಾಡುವುದು ಮಣ್ಣು

ಸೆಪ್ಟಿಕ್ ಟ್ಯಾಂಕ್ ಕಟ್ಟಿಸಿದರೆ ಕೊಳಚೆ ನೀರು ಶುದ್ಧವಾಗುತ್ತದೆ ಎಂಬ ನಂಬಿಕೆ ಸಾಮಾನ್ಯ. ಇದು ಸರಿಯಲ್ಲ. ಟ್ಯಾಂಕಿನಲ್ಲಿ ಗಟ್ಟಿ ಪದಾರ್ಥ ತಳಕ್ಕಿಳಿದು ಭಾಗಶಃ ಕೊಳೆಯುತ್ತದೆ, ಅಷ್ಟೆ. ಹೊರಬರುವ ನೀರಿನಲ್ಲಿ ಟೈಫಾಯ್ಡ್, ಕಾಲರಾ, ಆಮಶಂಕೆ, ಕಾಮಾಲೆಯ ರೋಗಾಣುಗಳು ಉಳಿದಿರಬಹುದು. ಅವನ್ನು ತಡೆಯುವುದು ಇಂಗುಗುಂಡಿಯ ಕೆಳಗಿರುವ, ನೀರು ತುಂಬಿರದ ಮಣ್ಣು. ನೀರು ಅದರೊಳಗೆ ನಿಧಾನವಾಗಿ ಇಳಿಯುವಾಗ ರೋಗಾಣುಗಳು ಮಣ್ಣಿನ ಕಣಗಳಿಗೆ ಅಂಟಿಕೊಂಡು ಕ್ರಮೇಣ ಸಾಯುತ್ತವೆ. ಅಂತರ್ಜಲವೇ ಏರಿಬಂದು ಗುಂಡಿಯ ತಳ ಮುಟ್ಟಿದರೆ ಈ ಸೋಸುವ ಕೆಲಸ ನಡೆಯದು.

ಬೇಸಿಗೆಯ ಗುಂಡಿ ನಂಬಬೇಡಿ

ಮನೆ ಕಟ್ಟುವ ಕೆಲಸ ಹೆಚ್ಚಾಗಿ ಬೇಸಿಗೆಯಲ್ಲಿ. ಏಪ್ರಿಲ್‌ನಲ್ಲಿ ತೋಡಿದಾಗ ಎಂಟು ಹತ್ತು ಅಡಿಯಲ್ಲೂ ಒಣಮಣ್ಣು ಸಿಗಬಹುದು. ಕರಾವಳಿಯ ತಗ್ಗು ಜಾಗಗಳಲ್ಲಿ ಜುಲೈ ವೇಳೆಗೆ ಬಾವಿಯ ನೀರು ಕೈಗೆಟಕುವಷ್ಟು ಮೇಲೆ ಬರುತ್ತದೆ. ಲೆಕ್ಕಕ್ಕೆ ಹಿಡಿಯಬೇಕಾದುದು ಈ ಮಳೆಗಾಲದ ಮಟ್ಟವನ್ನೇ. ಹತ್ತಿರದ ಬಾವಿಯ ಗೋಡೆಯಲ್ಲಿ ನೀರಿನ ಗುರುತು ನೋಡಿ. ಊರಿನ ಹಿರಿಯರನ್ನು ಕೇಳಿ. ನೀರು ನೆಲಮಟ್ಟದಿಂದ 1.8 ಮೀಟರ್ (ಸುಮಾರು 6 ಅಡಿ) ಒಳಗೇ ಬರುವ ಜಾಗಕ್ಕೆ ಇಂಗುಗುಂಡಿ ತಕ್ಕುದಲ್ಲ. ಅಲ್ಲಿ ಪೂರ್ತಿಯಾಗಿ ಇಲ್ಲವೇ ಸ್ವಲ್ಪಮಟ್ಟಿಗೆ ನೆಲಕ್ಕಿಂತ ಎತ್ತರಿಸಿದ ಇಂಗುಕಾಲುವೆ ಬೇಕೆಂದು ಭಾರತೀಯ ಮಾನಕ ಸಂಹಿತೆ ಐಎಸ್ 2470 ಹೇಳುತ್ತದೆ.

ಮನೆಯವರೇ ಮಾಡಬಹುದಾದ ಪರೀಕ್ಷೆ

ಮಣ್ಣು ಎಷ್ಟು ಬೇಗ ನೀರು ಹೀರುತ್ತದೆ ಎಂದು ತಿಳಿಯಲು ಅದೇ ಸಂಹಿತೆಯಲ್ಲಿ ಸುಲಭ ವಿಧಾನವಿದೆ.

1. ಗುಂಡಿ ಅಥವಾ ಕಾಲುವೆ ಬರುವ ಜಾಗದಲ್ಲಿ, ಅಷ್ಟೇ ಆಳಕ್ಕೆ, ಒಂದು ಅಡಿ ಅಗಲದ ಕುಳಿ ತೋಡಿ. ತಳ, ಪಕ್ಕಗಳನ್ನು ಕೆರೆದು 5 ಸೆಂ.ಮೀ. ದಪ್ಪ ಮರಳು ಹಾಕಿ.

2. ಮರಳಿನ ಮೇಲೆ 30 ಸೆಂ.ಮೀ. ನೀರು ನಿಲ್ಲುವಂತೆ ತುಂಬಿ, ರಾತ್ರಿಯಿಡೀ ನೆನೆಯಲು ಬಿಡಿ.

3. ಮರುದಿನ ನೀರನ್ನು 15 ಸೆಂ.ಮೀ.ಗೆ ಸರಿಪಡಿಸಿ. 30 ನಿಮಿಷದಲ್ಲಿ ಎಷ್ಟು ಇಳಿಯಿತು ಎಂದು ಕೋಲಿನಿಂದ ಅಳೆಯಿರಿ. ರಾತ್ರಿಯೇ ನೀರೆಲ್ಲ ಇಂಗಿಹೋಗಿದ್ದರೆ, ಮತ್ತೆ ಮತ್ತೆ ತುಂಬುತ್ತ 4 ಗಂಟೆ ಅಳೆದು, ಕೊನೆಯ ಅರ್ಧ ಗಂಟೆಯ ಲೆಕ್ಕ ಹಿಡಿಯಿರಿ.

ಅರ್ಧ ಗಂಟೆಯಲ್ಲಿ ಎರಡು ಇಂಚು ಇಳಿದರೆ ಇಂಚಿಗೆ 15 ನಿಮಿಷವೆಂದಾಯಿತು. ಇಂಚಿಗೆ 30 ನಿಮಿಷದವರೆಗೆ ಇಂಗುಗುಂಡಿ ಸಾಕು. 30ರಿಂದ 60 ನಿಮಿಷವಾದರೆ ಇಂಗುಕಾಲುವೆ ಬೇಕು. 60 ಮೀರಿದರೆ ಆ ನೆಲದಲ್ಲಿ ಇಂಗಿಸುವ ಯೋಚನೆ ಬಿಟ್ಟು, ಸೋಸುವ ತೊಟ್ಟಿಯ ವಿಷಯ ಎಂಜಿನಿಯರರನ್ನು ಕೇಳಿ.

ನೆನೆಸುವ ಹಂತ ತಪ್ಪಿಸಬೇಡಿ. ಉತ್ತರ ಕರ್ನಾಟಕದ ಎರೆಮಣ್ಣು ಬೇಸಿಗೆಯಲ್ಲಿ ಬಿರಿದಿರುವಾಗ ನೀರನ್ನು ಗಟಗಟನೆ ಕುಡಿಯುತ್ತದೆ. ನೆನೆದು ಹಿಗ್ಗಿದ ಮೇಲೆ ತೊಟ್ಟಿಯಂತೆ ಹಿಡಿದಿಡುತ್ತದೆ. ಹಾಗೆಂದು ಬಹಳ ಬೇಗ ಇಂಗುವುದೂ ಒಳ್ಳೆಯ ಲಕ್ಷಣವಲ್ಲ. ಕಡಲತಡಿಯ ದಪ್ಪ ಮರಳು, ಮುರಕಲ್ಲಿನ ತೂತುಗಳು, ಬಂಡೆಯ ಸೀಳುಗಳಲ್ಲಿ ನೀರು ಸರಿಯಾಗಿ ಸೋಸದೆ ದೂರ ಸಾಗಬಲ್ಲದು.

ಬಾವಿ ಎಷ್ಟು ದೂರ?

ಇಂಗುಗುಂಡಿಯಿಂದ ಕುಡಿಯುವ ನೀರಿನ ಮೂಲ ಕನಿಷ್ಠ 18 ಮೀಟರ್ (ಸುಮಾರು 60 ಅಡಿ) ದೂರವಿರಬೇಕು. ಬಿರುಕು ಬಂಡೆಯ ನೆಲದಲ್ಲಿ ಇದೂ ಸಾಲದು. ಪಕ್ಕದ ಮನೆಯ ಬಾವಿಯನ್ನೂ ಅಳೆಯಿರಿ. ಬಾವಿ ಏರಿನಲ್ಲಿ, ಗುಂಡಿ ಇಳಿಜಾರಿನಲ್ಲಿರಲಿ. ಕೊಳವೆಬಾವಿ ಆಳವಾಗಿದೆಯೆಂದು ಧೈರ್ಯ ಬೇಡ. ಕೇಸಿಂಗ್ ಪೈಪ್ ಸರಿಯಿಲ್ಲದಿದ್ದರೆ ಮೇಲಿನ ಕೊಳಕು ಅದರೊಳಗೇ ಇಳಿಯುತ್ತದೆ. ಬತ್ತಿದ ಕೊಳವೆಬಾವಿಗೆ ಪಾಯಿಖಾನೆಯ ನೀರು ಬಿಡುವುದಂತೂ ಊರಿನ ಅಂತರ್ಜಲಕ್ಕೆ ಕೊಳಕನ್ನು ನೇರವಾಗಿ ಸುರಿದಂತೆ.

ಗುಂಡಿ ಈಗಾಗಲೇ ಹತ್ತಿರವಿದ್ದರೆ

ಮಳೆಗಾಲದಲ್ಲಿ ಬಾವಿ ನೀರನ್ನು ಜಿಲ್ಲಾ ಪ್ರಯೋಗಾಲಯದಲ್ಲಿ ಪರೀಕ್ಷಿಸಿ. 100 ಮಿ.ಲೀ. ನೀರಿನಲ್ಲಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಒಂದೂ ಇರಬಾರದು. ಇದ್ದರೆ ನೀರನ್ನು ಕುದಿಸಿಯೇ ಕುಡಿಯಿರಿ. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಿದ್ದರೆ ಕುದಿಸಿ ಪ್ರಯೋಜನವಿಲ್ಲ; ನೀರು ಆವಿಯಾದಂತೆ ಅದರ ಪ್ರಮಾಣ ಹೆಚ್ಚುತ್ತದೆ. ಅಂಥ ನೀರಿನಲ್ಲಿ ಹಸುಗೂಸಿಗೆ ಪುಡಿಹಾಲು ಕಲಸಿದರೆ ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿ ಕುಂದಿ ಮಗುವಿನ ಮೈ ನೀಲಿಗಟ್ಟಬಹುದು. ಮಗುವಿಗೆ ಬೇರೆ ನೀರನ್ನೇ ತರಬೇಕು.

ಮಣ್ಣಿನ ಪರೀಕ್ಷೆಗೆ ಬೇಕಾದುದು ಒಂದು ಗುದ್ದಲಿ, ಕೆಲವು ಕೊಡ ನೀರು, ಒಂದು ಗಡಿಯಾರ, ಎರಡು ದಿನದ ತಾಳ್ಮೆ. ಮೇಸ್ತ್ರಿ ಬರುವ ಮುನ್ನವೇ ಇದನ್ನು ಮುಗಿಸಿಕೊಳ್ಳಿ.