ಸಿಸ್ಟರ್ ಸೆಲೀನ್ ಕೂಡಿದ ಲೆಕ್ಕ

ಮೈಸೂರಿನ ವಿಜಯನಗರದ ನಮ್ಮ ಮನೆ ಬಾಗಿಲಲ್ಲಿ ಇವತ್ತು ರಂಗೋಲಿಯ ಜಾಗದಲ್ಲಿ ಲೆಕ್ಕ! ತುದಿಯಲ್ಲಿ 1. ಕೆಳಗೆ 1, 1. ಆಮೇಲೆ 1, 2, 1. ಮತ್ತೆ 1, 3, 3, 1. ಮೇಲಿನ ಅಕ್ಕಪಕ್ಕದ ಎರಡು ಅಂಕಿ ಕೂಡಿದರೆ ಕೆಳಗಿನದು. ನಮ್ಮ ಹಳಬರ ಮೇರುಪ್ರಸ್ತಾರ.

ಈಗ ಕೊನೆಯ ಸಾಲಿನ ವರ್ಗಗಳನ್ನು ಕೂಡಿ: 1, 9, 9, 1. ಒಟ್ಟು 20. ಪುಡಿ ಉದುರಿಸುತ್ತಾ ಇನ್ನೂ ಮೂರು ಸಾಲು ಇಳಿಯಿರಿ: 1, 6, 15, 20, 15, 6, 1. ಅರೆ, ಅದೇ 20 ನಟ್ಟನಡುವೆ ಕೂತಿದೆ!

ಈ ಅಂಕಿಗಳ ಸೂತ್ರವನ್ನು 9ನೇ ಶತಮಾನದಲ್ಲೇ, ನೃಪತುಂಗನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಕೊಟ್ಟಿದ್ದರು. ಆದರೆ ಇಂಥ ಮೊತ್ತಗಳ ಗುಟ್ಟು? ಒಂದೊಂದಕ್ಕೂ ಒಂದೊಂದು ಉಪಾಯ ಹುಡುಕಿ ಪಂಡಿತರು ಸುಸ್ತಾಗುತ್ತಿದ್ದರು. ಉಪಾಯವೇ ಬೇಡ, ಹೀಗೆ ಹೋದರೆ ಸಾಕು ಎಂದು ದಾರಿ ತೋರಿದ್ದು ಯಾರು ಗೊತ್ತೆ? ಒಬ್ಬ ಕ್ಯಾಥೊಲಿಕ್ ಸನ್ಯಾಸಿನಿ!

ಸಿಸ್ಟರ್ ಮೇರಿ ಸೆಲೀನ್ ಫಾಸೆನ್‌ಮಯರ್. 1906ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಹುಟ್ಟಿದವರು. ‘ಸಿಸ್ಟರ್ಸ್ ಆಫ್ ಮರ್ಸಿ’ ಸಭೆ ಸೇರಿ, ಪಾಠ ಹೇಳುತ್ತಾ ಓದಿ, ನಲವತ್ತರ ಹೊಸ್ತಿಲಲ್ಲಿ, 1946ರಲ್ಲಿ, ಮಿಶಿಗನ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದರು.

ಅವರ ದಾರಿ ನೋಡಿ. ಮೊತ್ತಕ್ಕೆ ಕೈಯೇ ಹಾಕಬೇಡಿ. ಸಾಲಿನ ಒಂದು ಅಂಕಿಗೂ ಮೇಲಿನ ಸಾಲುಗಳ ನೆರೆಹೊರೆಗೂ ಏನು ನಂಟು ಎಂದು ಮೊದಲು ಹುಡುಕಿ. ಷರತ್ತು ಒಂದೇ: ಅಂಕಿ ಎಡಕ್ಕಿರಲಿ, ಬಲಕ್ಕಿರಲಿ, ನಂಟಿನ ಸಹಗುಣಕಗಳು ಬದಲಾಗಬಾರದು. ಅವನ್ನು ಕಂಡುಹಿಡಿಯಲು ಹೈಸ್ಕೂಲಿನ ಏಕಕಾಲಿಕ ಸಮೀಕರಣ ಸಾಕು! ಆಮೇಲೆ ಸಾಲಿಡೀ ಕೂಡಿಬಿಡಿ. ಹಿಂದಿನ ಮೊತ್ತಗಳಿಂದ ಮುಂದಿನ ಮೊತ್ತ ತಾನಾಗಿ ಹುಟ್ಟುತ್ತದೆ.

1947 ಮತ್ತು 1949ರಲ್ಲಿ ಎರಡು ಲೇಖನ ಬಂದವು. ಅಷ್ಟೇ! ಸಿಸ್ಟರ್ ಮರ್ಸಿಹರ್ಸ್ಟ್ ಕಾಲೇಜಿನಲ್ಲಿ ಪಾಠ ಹೇಳಿಕೊಂಡಿದ್ದರು. ಇತ್ತ ಕಂಪ್ಯೂಟರ್ ಬಂತು. ಉಪಾಯ ಹೊಳೆಯದ ಯಂತ್ರಕ್ಕೆ ಉಪಾಯವೇ ಬೇಡದ ಈ ವಿಧಾನ ಹೇಳಿ ಮಾಡಿಸಿದಂತಿತ್ತು. 1982ರಲ್ಲಿ ಗಣಿತಜ್ಞ ಡೋರಾನ್ ಝೈಲ್‌ಬರ್ಗರ್ ತಮ್ಮ ಲೇಖನದ ಶೀರ್ಷಿಕೆಯಲ್ಲೇ ಸಿಸ್ಟರ್ ಹೆಸರಿಟ್ಟರು. 1996ರಲ್ಲಿ ಝೈಲ್‌ಬರ್ಗರ್ ಮತ್ತು ಇನ್ನಿಬ್ಬರು ಬರೆದ ‘ಎ ಈಕ್ವಲ್ಸ್ ಬಿ’ ಪುಸ್ತಕದಲ್ಲಿ ಸಿಸ್ಟರ್ ಹೆಸರಿನದೇ ಒಂದು ಅಧ್ಯಾಯ. ಆ ಡಿಸೆಂಬರ್‌ನಲ್ಲೇ, 90ರ ವಯಸ್ಸಿನಲ್ಲಿ, ಸಿಸ್ಟರ್ ತೀರಿಕೊಂಡರು.

ನನ್ನ ರಂಗೋಲಿಗೆ ಅವರ ವಿಧಾನ ಕೊಡುವ ಸೂತ್ರ: 1, 3, 3, 1ರ ಮುಂದಿನ ಸಾಲಿನ ವರ್ಗಗಳ ಮೊತ್ತ ಬೇಕೆ? 20ನ್ನು 14ರಿಂದ ಗುಣಿಸಿ, 4ರಿಂದ ಭಾಗಿಸಿ. 70. ನಂಬಿಕೆ ಬರದೆ ಬಗ್ಗಿ ಕೂಡಿದೆ: 1, 16, 36, 16, 1.

ಎಪ್ಪತ್ತೇ! ಹಾಲಿನವನು ಅಂಕಿ ತುಳಿಯದೆ ಪಕ್ಕಕ್ಕೆ ಕಾಲಿಟ್ಟು ಪ್ಯಾಕೆಟ್ ಇಟ್ಟು ಹೋದ.